ಟ್ಯಾಂಕ್ ತುಂಬಿದರೂ ನಿಲ್ಲದ ಮೋಟರ್: ಕ್ಯಾನ್ಸರ್ ಗಡ್ಡೆಗೆ ರಕ್ತನಾಳ ಬರುವ ಬಗೆ

(ಪದವಿ ತರಗತಿಯ ಮಕ್ಕಳು ಮತ್ತು ಅವರ ಜೊತೆ ಬಂದಿದ್ದ ಕೆಲವು ಹಿರಿಯರ ಮುಂದೆ ಆಡಿದ ಮಾತಿನ ಬರಹ ರೂಪ. ಅವತ್ತು ಮರೆತುಹೋಗಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ. ಹೇಳಿದ್ದನ್ನೇ ಹೇಳಿದ್ದ ಕಡೆ ಕತ್ತರಿ ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೆಲಸ ಪೆಥಾಲಜಿ. ರೋಗಿಯ ನಾಡಿ ಹಿಡಿಯುವ ಡಾಕ್ಟರು ನಾನಲ್ಲ. ಆಪರೇಷನ್ ಥಿಯೇಟರಿನಲ್ಲಿ ತೆಗೆದದ್ದು ಫಾರ್ಮಲಿನ್ ಡಬ್ಬಿಯೊಳಗೆ ಕೂತು ನನ್ನ ಮೇಜಿಗೆ ಬರುತ್ತದೆ. ಅದನ್ನು ಕೊಯ್ದು, ನೋಡಿ, ಏನೆಂದು ಬರೆದು ಕೊಡುತ್ತೇನೆ. ಹಾಗಾಗಿ ಇವತ್ತಿನ ಮಾತನ್ನೂ ಅಂಥ ಒಂದು ಡಬ್ಬಿಯಿಂದಲೇ ಶುರು ಮಾಡುತ್ತೇನೆ.

ಡಬ್ಬಿಯಲ್ಲಿ ಒಂದು ಕಿಡ್ನಿ ಇದೆ ಅಂದುಕೊಳ್ಳಿ. ಉದ್ದಕ್ಕೆ ಸೀಳಿದರೆ ಚೆನ್ನಾಗಿರುವ ಭಾಗ ಕಂದು ಬಣ್ಣ. ಒಂದು ಮೂಲೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ. ಅದರ ಬಣ್ಣವೇ ಬೇರೆ, ಬೇಯಿಸಿದ ಮೊಟ್ಟೆಯೊಳಗಿನ ಹಳದಿ. ಅಲ್ಲಲ್ಲಿ ರಕ್ತ ಒಸರಿ ಕಪ್ಪಾದ ಕಲೆ. ಅದರಿಂದ ಒಂದು ಚೂರು ತೆಗೆದು, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳ್ಳಗೆ ಹೆರೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟರೆ ಜೀವಕೋಶಗಳು ಖಾಲಿ ಕೋಣೆಗಳ ಹಾಗೆ ಕಾಣುತ್ತವೆ. ಒಳಗೆ ತುಂಬಿದ್ದ ಕೊಬ್ಬು ಮತ್ತು ಗ್ಲೈಕೋಜನ್ ಸ್ಲೈಡ್ ಮಾಡುವಾಗಲೇ ತೊಳೆದುಹೋಗಿರುತ್ತವೆ. ಇದಕ್ಕೆ ಕ್ಲಿಯರ್ ಸೆಲ್ ಕ್ಯಾನ್ಸರ್ ಅನ್ನುತ್ತೇವೆ. ಕಿಡ್ನಿ ಕ್ಯಾನ್ಸರುಗಳಲ್ಲಿ ಇದೇ ಜಾಸ್ತಿ.

ನಾನು ತೋರಿಸಬೇಕೆಂದಿದ್ದು ಕೋಣೆಗಳನ್ನಲ್ಲ, ಅವುಗಳ ಗೋಡೆಯನ್ನು. ನಾಲ್ಕಾರು ಜೀವಕೋಶಕ್ಕೊಂದರಂತೆ ಸುತ್ತ ತೆಳ್ಳನೆಯ ರಕ್ತನಾಳ ಹಾದುಹೋಗಿದೆ. ಕೋಳಿಗೂಡಿಗೆ ಹೊಡೆಯುವ ತಂತಿಬಲೆ ನೋಡಿದ್ದೀರಲ್ಲ, ಥೇಟ್ ಹಾಗೇ. ಈ ಗಡ್ಡೆಯ ಜೀವಕೋಶ ಕೆಟ್ಟದ್ದು, ನಿಜ. ಆದರೆ ಆ ರಕ್ತನಾಳದ ಜೀವಕೋಶಗಳಲ್ಲಿ ಯಾವ ಕೇಡೂ ಇಲ್ಲ. ಅವು ರೋಗಿಯ ಸ್ವಂತ, ಆರೋಗ್ಯವಾದ ಜೀವಕೋಶಗಳು. ಇವನ್ನು ಇಲ್ಲಿಗೆ ಕರೆದವರು ಯಾರು? ಇಷ್ಟೊಂದು ಪೈಪು ಎಳೆಸಿದವರು ಯಾರು?

ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

1971ರಲ್ಲಿ ಅಮೆರಿಕದಲ್ಲಿ ಎರಡು ಪ್ರಬಂಧ ಬಂದವು. ಎರಡೂ ಕ್ಯಾನ್ಸರಿನ ಬಗ್ಗೆ. ಆದರೆ ಒಂದಕ್ಕೊಂದು ಮುಖ ನೋಡದಷ್ಟು ದೂರ.

ಮೊದಲನೆಯದು ಹ್ಯೂಸ್ಟನ್‌ನ ಆಲ್ಫ್ರೆಡ್ ನಡ್ಸನ್ ಅವರದ್ದು. ಚಿಕ್ಕ ಮಕ್ಕಳ ಕಣ್ಣಿನೊಳಗೆ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿನ 48 ಕೇಸುಗಳನ್ನು ಅವರು ಮುಂದಿಟ್ಟುಕೊಂಡು ಕೂತರು. ಲ್ಯಾಬ್ ಇಲ್ಲ, ಇಲಿ ಇಲ್ಲ. ಹೆಚ್ಚುಕಡಿಮೆ ಪೆನ್ನು, ಕಾಗದ, ಗಣಿತ. ಕೆಲವು ಮಕ್ಕಳಿಗೆ ತೀರಾ ಎಳವೆಯಲ್ಲಿ, ಎರಡೂ ಕಣ್ಣಿಗೆ ಬರುತ್ತಿತ್ತು. ಇನ್ನು ಕೆಲವರಿಗೆ ತಡವಾಗಿ, ಒಂದೇ ಕಣ್ಣಿಗೆ. ಯಾಕೆ ಹೀಗೆ? ನಡ್ಸನ್ ಲೆಕ್ಕ ಹಾಕಿ ಹೇಳಿದ್ದು ಇಷ್ಟು: ಈ ಕ್ಯಾನ್ಸರ್ ಶುರುವಾಗಲು ಎರಡು ಏಟು ಬೀಳಬೇಕು. ನಮಗೆ ಪ್ರತಿ ಜೀನೂ ಜೋಡಿಯಾಗಿ ಬರುತ್ತದೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಕೆಲವು ಜೀನುಗಳು ಜೀವಕೋಶವನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಒಂದು ಪ್ರತಿ ಹಾಳಾದರೂ ಇನ್ನೊಂದು ಸಂಸಾರ ತೂಗಿಸುತ್ತದೆ. ಎರಡೂ ಹೋದರೆ ಕತೆ ಮುಗಿಯಿತು. ಹುಟ್ಟುವಾಗಲೇ ಒಂದು ಏಟು ತಿಂದು ಬಂದ ಮಗುವಿಗೆ ಇನ್ನೊಂದೇ ಸಾಕು, ಅದಕ್ಕೇ ಬೇಗ ಬರುತ್ತದೆ. ಇಂಥ ಜೀನುಗಳಿಗೆ ಮುಂದೆ ಟ್ಯೂಮರ್ ಸಪ್ರೆಸರ್ ಅಂತ ಹೆಸರಾಯಿತು. ನಾನು ಕಾವಲು ಜೀನು ಅನ್ನುತ್ತೇನೆ, ಬಾಯಿಗೆ ಸುಲಭ.

ಎರಡನೆಯದು ಬಾಸ್ಟನ್‌ನ ಜೂಡಾ ಫೋಕ್‌ಮನ್ ಅವರದ್ದು. ಇವರು ಮಕ್ಕಳ ಸರ್ಜನ್. ಇವರ ಕತೆ ಅದಕ್ಕೂ ಹತ್ತು ವರ್ಷ ಹಿಂದೆ, ನೌಕಾಪಡೆಯ ಒಂದು ಲ್ಯಾಬಿನಲ್ಲಿ ಶುರುವಾಗುತ್ತದೆ. ಹಡಗಿನಲ್ಲಿ ತಿಂಗಳುಗಟ್ಟಲೆ ರಕ್ತ ಇಟ್ಟುಕೊಳ್ಳಲು ಆಗದಲ್ಲ, ಅದರ ಬದಲು ಏನಾದರೂ ಸಿಗುತ್ತದಾ ಅಂತ ಹುಡುಕುವ ಕೆಲಸ. ಮೊಲದ ಥೈರಾಯ್ಡ್ ಗ್ರಂಥಿಯನ್ನು ಹೊರತೆಗೆದು, ಗಾಜಿನ ಪಾತ್ರೆಯಲ್ಲಿಟ್ಟು, ಹಿಮೋಗ್ಲೋಬಿನ್ ದ್ರವ ಹರಿಸಿ ಜೀವಂತ ಇಟ್ಟರು. ಅದರೊಳಗೆ ಇಲಿಯ ಕ್ಯಾನ್ಸರ್ ಜೀವಕೋಶ ಬಿತ್ತಿದರು. ಗಡ್ಡೆ ಬೆಳೆಯಿತು. ಒಂದೆರಡು ಮಿಲಿಮೀಟರ್ ಆಯಿತು. ಅಲ್ಲಿಗೆ ನಿಂತುಬಿಟ್ಟಿತು. ಸತ್ತುಹೋಯಿತಾ? ಇಲ್ಲ. ಅದನ್ನೇ ತೆಗೆದು ಬದುಕಿರುವ ಇಲಿಗೆ ಹಾಕಿದರೆ ದೊಡ್ಡದಾಗಿ ಬೆಳೆಯಿತು. ವ್ಯತ್ಯಾಸ ಒಂದೇ. ಇಲಿಯ ಮೈಯಲ್ಲಿ ಹೊಸ ರಕ್ತನಾಳ ಗಡ್ಡೆಯೊಳಗೆ ಬಂದಿತ್ತು. ಪಾತ್ರೆಯಲ್ಲಿ ಬಂದಿರಲಿಲ್ಲ.

ಒಂದೆರಡು ಮಿಲಿಮೀಟರ್ ಯಾಕೆ ಗಡಿ? ಆಕ್ಸಿಜನ್ ರಕ್ತನಾಳದಿಂದ ಹೊರಬಿದ್ದು ಜೀವಕೋಶಗಳ ನಡುವೆ ಜಿನುಗಿ ಹೋಗುವ ದೂರ ತುಂಬಾ ಕಡಿಮೆ. ಮಿಲಿಮೀಟರಿನ ಹತ್ತನೇ ಒಂದು ಭಾಗ, ಬಹಳ ಅಂದರೆ ಅದರ ಎರಡರಷ್ಟು. ನಮ್ಮ ಮೈಯ ಹೆಚ್ಚಿನ ಜೀವಕೋಶಗಳೆಲ್ಲ ಯಾವುದಾದರೊಂದು ನಾಳಕ್ಕೆ ಅಷ್ಟು ಹತ್ತಿರವೇ ವಾಸವಾಗಿವೆ. ಗಡ್ಡೆಗೂ ಇದೇ ಕಾನೂನು. ಊರ ಹೊರಗೆ ಹೊಸ ಲೇಔಟ್ ಮಾಡಿ ಮನೆ ಮೇಲೆ ಮನೆ ಕಟ್ಟಿದ ಹಾಗೆ. ನೀರಿನ ಲೈನ್ ಬರದೆ ಎಷ್ಟು ಮನೆ ನಿಂತಾವು?

1971ರ ಪ್ರಬಂಧದಲ್ಲಿ ಫೋಕ್‌ಮನ್ ಹೇಳಿದ್ದು, ಗಡ್ಡೆಯೇ ಏನೋ ಒಂದು ವಸ್ತು ಸುರಿಸಿ ನಾಳಗಳನ್ನು ಕರೆಸಿಕೊಳ್ಳುತ್ತದೆ, ಆ ಕರೆಯನ್ನು ತಡೆದರೆ ಗಡ್ಡೆ ಬೆಳೆಯದು ಅಂತ. ಆಗ ಇದನ್ನು ನಂಬಿದವರು ಕಡಿಮೆ. ಗಾಯದ ಸುತ್ತ ಕೆಂಪಗಾಗುತ್ತದಲ್ಲ, ಇದೂ ಹಾಗೇ ಸುಮ್ನೆ ಬಂದ ಊತ ಅಂದರು. ಆ ವಸ್ತು ಕೈಗೆ ಸಿಗಲು ಬಹಳ ವರ್ಷ ಬೇಕಾಯಿತು. 1983ರಲ್ಲಿ ಹೆರಾಲ್ಡ್ ದ್ವೋರಾಕ್ ಅವರ ಗುಂಪಿಗೆ ನಾಳಗಳನ್ನು ಸೋರುವಂತೆ ಮಾಡುವ ಒಂದು ಪ್ರೋಟೀನ್ ಸಿಕ್ಕಿತು. 1989ರಲ್ಲಿ ನೆಪೋಲಿಯೋನ್ ಫೆರಾರಾ ಅವರಿಗೆ ನಾಳ ಬೆಳೆಸುವ ಒಂದು ಪ್ರೋಟೀನ್ ಸಿಕ್ಕಿತು. ನೋಡಿದರೆ ಎರಡೂ ಒಂದೇ. ಅದಕ್ಕೆ ವಿಇಜಿಎಫ್ ಅನ್ನುತ್ತಾರೆ. ಹೆಸರು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಈ ಎರಡು ದಾರಿ ಎಲ್ಲಿ ಕೂಡುತ್ತವೆ? ನಾವು ಓದುವ ಕಾಲಕ್ಕೆ ಪಾಠ ಹೀಗಿತ್ತು: ಕಾವಲು ಜೀನು ಅಂದರೆ ಬ್ರೇಕು. ಬ್ರೇಕ್ ಹೋದರೆ ಜೀವಕೋಶ ಎಗ್ಗಿಲ್ಲದೆ ಒಡೆದು ಎರಡಾಗುತ್ತದೆ. ಗಡ್ಡೆ ಆಗುತ್ತದೆ. ಆಮೇಲೆ, ಜಾಗ ಸಾಲದೆ, ಉಸಿರು ಸಾಲದೆ, ನಾಳಗಳನ್ನು ಕರೆಯುತ್ತದೆ. ಅಂದರೆ ಜೀನಿನ ಕತೆ ಮೊದಲ ಅಧ್ಯಾಯ, ನಾಳದ ಕತೆ ಮೂರನೆಯದೋ ನಾಲ್ಕನೆಯದೋ. ನಡುವೆ ಸಂಬಂಧ ಇಲ್ಲ. ಈ ಪಾಠ ಅರ್ಧ ತಪ್ಪು. ನಾಳಗಳಿಗೆ ಬಾಗಿಲು ಕಾಯುವುದೂ ಆ ಕಾವಲು ಜೀನುಗಳ ಕೆಲಸವೇ. ಅವು ಹೋದಾಗ ಬ್ರೇಕು ಹೋಗುತ್ತದೆ, ಜೊತೆಗೆ ಬಾಗಿಲೂ ತೆರೆದುಕೊಳ್ಳುತ್ತದೆ.

ಇದನ್ನು ಮೊದಲು ಚೆನ್ನಾಗಿ ತೋರಿಸಿದವರಲ್ಲಿ ಶಿಕಾಗೋದ ನೋಯೆಲ್ ಬೌಕ್ ಒಬ್ಬರು. ಆಕೆಯ ಹೆಸರು ಫೋಕ್‌ಮನ್ ಹೆಸರಿನಷ್ಟು ಓಡಾಡಲಿಲ್ಲ. ನನ್ನ ಮಟ್ಟಿಗೆ ಅದು ಅನ್ಯಾಯ. ಅವರು ಮಾಡಿದ ಪರೀಕ್ಷೆ ಎಷ್ಟು ಸರಳ ಅಂದರೆ ನೀವು ಈಗಲೇ ಕಣ್ಣ ಮುಂದೆ ತಂದುಕೊಳ್ಳಬಹುದು. ಪಕ್ಕದಲ್ಲಿ ಕೂತವರ ಕಣ್ಣು ನೋಡಿ. ಬಿಳಿ ಭಾಗದಲ್ಲಿ ಕೆಂಪು ಎಳೆ ಕಾಣುತ್ತದೆ. ನಡುವಿನ ಕರಿಗುಡ್ಡೆಯ ಮೇಲೆ ಗಾಜಿನ ಹಾಗೆ ಒಂದು ಪದರ ಇದೆ, ಕಾರ್ನಿಯಾ. ಅಲ್ಲಿ ಒಂದೇ ಒಂದು ರಕ್ತನಾಳ ಇಲ್ಲ. ಇದ್ದಿದ್ದರೆ ನಮಗೆ ಕಣ್ಣು ಕಾಣುತ್ತಿರಲಿಲ್ಲ. ಹಾಗಾಗಿ ಇಲಿಯ ಕಾರ್ನಿಯಾದಲ್ಲಿ ಪುಟ್ಟ ಜೇಬು ಮಾಡಿ, ಜೀವಕೋಶಗಳು ಸುರಿಸಿದ ದ್ರವವನ್ನು ಅಲ್ಲಿಟ್ಟರೆ ಸಾಕು. ಕೆಲವು ದಿನ ಬಿಟ್ಟು ನೋಡಿದಾಗ ಬಿಳಿ ಅಂಚಿನಿಂದ ಕೆಂಪು ನಾಳಗಳು ಜೇಬಿನ ಕಡೆ ತೆವಳಿದ್ದರೆ ಆ ದ್ರವದಲ್ಲಿ ಕರೆ ಇದೆ. ತೆವಳದಿದ್ದರೆ ಇಲ್ಲ, ಅಥವಾ ತಡೆ ಇದೆ.

ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ ಬೌಕ್ ಗುಂಪು 1989ರಲ್ಲಿ ಕಂಡಿದ್ದು ಇದು. ಕಾವಲು ಜೀನು ಕೆಲಸ ಮಾಡುತ್ತಿರುವ ಜೀವಕೋಶಗಳು ನಾಳಗಳನ್ನು ತಡೆಯುವ ಒಂದು ವಸ್ತು ಹೊರಬಿಡುತ್ತವೆ. ಜೀನು ಹೋದರೆ ಆ ವಸ್ತುವೂ ಹೋಗುತ್ತದೆ. ಯಾವುದು ಆ ವಸ್ತು? ಮರುವರ್ಷ ಗೊತ್ತಾಯಿತು, ಥ್ರಾಂಬೋಸ್ಪಾಂಡಿನ್. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳಲ್ಲಿ ಅದನ್ನು ಮೊದಲೇ ಕಂಡುಹಿಡಿದಿದ್ದರು. ಯಾವಾಗ ಗೊತ್ತಾ? 1971ರಲ್ಲಿ! ಆ ವರ್ಷದ ಮೂರನೇ ಪ್ರಬಂಧ ಅಂತ ಬೇಕಾದರೆ ಸೇರಿಸಿಕೊಳ್ಳಿ. ಈ ಪ್ರೋಟೀನ್ ನಾಳದ ಜೀವಕೋಶದ ಮೈಮೇಲಿನ ಒಂದು ಕೊಂಡಿಗೆ ಅಂಟಿ, ಅದು ತಾನಾಗಿ ಸಾಯುವಂತೆ ಮಾಡುತ್ತದೆ.

1994ರಲ್ಲಿ ಅದೇ ಗುಂಪು ಮನುಷ್ಯರ ಜೀವಕೋಶಕ್ಕೆ ಬಂತು. ಲೀ-ಫ್ರೌಮೆನಿ ಎಂಬ ಒಂದು ವಂಶದ ಕಾಯಿಲೆ ಇದೆ. ಆ ಕುಟುಂಬದವರಿಗೆ ಚಿಕ್ಕ ವಯಸ್ಸಿನಲ್ಲೇ ಬಗೆಬಗೆಯ ಕ್ಯಾನ್ಸರ್. ಕಾರಣ, ಪಿ53 ಎಂಬ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅವರ ಚರ್ಮದಿಂದ ತೆಗೆದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿದರು. ಉಳಿದ ಒಂದು ಒಳ್ಳೆಯ ಪ್ರತಿ ಇರುವ ತನಕ ಆ ಜೀವಕೋಶಗಳು ಥ್ರಾಂಬೋಸ್ಪಾಂಡಿನ್ ಸುರಿಸುತ್ತಿದ್ದವು, ನಾಳಗಳು ಹತ್ತಿರ ಸುಳಿಯಲಿಲ್ಲ. ಬೆಳೆಯುತ್ತಾ ಬೆಳೆಯುತ್ತಾ ಆ ಪ್ರತಿಯೂ ಹೋಯಿತು. ಥ್ರಾಂಬೋಸ್ಪಾಂಡಿನ್ ದಬಕ್ಕನೆ ಇಳಿಯಿತು. ಈಗ ಅವೇ ಜೀವಕೋಶಗಳ ದ್ರವ ಕಾರ್ನಿಯಾದೊಳಗೆ ನಾಳ ಎಳೆಯತೊಡಗಿತು. ಪಿ53ನ್ನು ಮತ್ತೆ ಒಳಗೆ ಹಾಕಿದರೆ ತಡೆ ವಾಪಸ್ ಬಂತು. ನಡ್ಸನ್ ಹೇಳಿದ ಎರಡನೇ ಏಟು, ಫೋಕ್‌ಮನ್ ಹೇಳಿದ ಕರೆ, ಎರಡೂ ಒಂದೇ ತಟ್ಟೆಯಲ್ಲಿ ಕಂಡವು. ನನಗೆ ಇದು ಬಹಳ ಇಷ್ಟದ ಪ್ರಯೋಗ.

ಪಿ53 ಬೇರೆ ದಾರಿಗಳಲ್ಲೂ ನಾಳಗಳಿಗೆ ಅಡ್ಡ ನಿಲ್ಲುತ್ತದೆ. ಜೀವಕೋಶಗಳ ನಡುವೆ ಇರುವ ಕೊಲ್ಯಾಜನ್ ಎಂಬ ಪ್ರೋಟೀನಿನಿಂದ ಒಡೆದು ಬರುವ ನಾಳನಿರೋಧಕ ಚೂರುಗಳನ್ನು ಹೆಚ್ಚಿಸುತ್ತದೆ ಅಂತ 2006ರಲ್ಲಿ ತೋರಿಸಿದರು. ಪಿಟೆನ್ ಅಂತ ಇನ್ನೊಂದು ಕಾವಲು ಜೀನು ಇದೆ, ಅದು ಹೋದರೂ ವಿಇಜಿಎಫ್ ಏರುತ್ತದೆ. ಪಟ್ಟಿ ಬೆಳೆಸುತ್ತಾ ಹೋದರೆ ಊಟದ ಹೊತ್ತು ಮೀರುತ್ತದೆ. ಒಂದನ್ನೇ ಹಿಡಿದು ಬುಡದವರೆಗೆ ಹೋಗೋಣ. ನಮ್ಮ ಹಳದಿ ಗಡ್ಡೆಗೆ ವಾಪಸ್ ಬನ್ನಿ.

ಇಲ್ಲೂ ಕತೆ ಕಣ್ಣಿನಿಂದಲೇ ಶುರು. 1904ರಲ್ಲಿ ಜರ್ಮನಿಯ ಕಣ್ಣಿನ ಡಾಕ್ಟರ್ ಓಯ್ಗೆನ್ ಫಾನ್ ಹಿಪ್ಪೆಲ್, ಕಣ್ಣಿನ ಹಿಂಪರದೆಯ ಮೇಲೆ ರಕ್ತನಾಳಗಳೇ ಗಂಟಾಗಿ ಬೆಳೆಯುವ ಒಂದು ಕಾಯಿಲೆಯ ಬಗ್ಗೆ ಬರೆದರು. 1926ರಲ್ಲಿ ಸ್ವೀಡನ್‌ನ ಆರ್ವಿಡ್ ಲಿಂಡಾವ್, ಇವರು ನಮ್ಮ ಪೆಥಾಲಜಿಯವರೇ, ಅದೇ ಬಗೆಯ ಗಂಟು ಹಿಮ್ಮೆದುಳಿನಲ್ಲೂ ಬರುತ್ತದೆ, ಕಣ್ಣಿನದಕ್ಕೂ ಇದಕ್ಕೂ ನಂಟಿದೆ ಎಂದರು. ಹೀಗೆ ಕಾಯಿಲೆಗೆ ಇಬ್ಬರ ಹೆಸರೂ ಸೇರಿತು, ಫಾನ್ ಹಿಪ್ಪೆಲ್-ಲಿಂಡಾವ್, ಚಿಕ್ಕದಾಗಿ ವಿಎಚ್‌ಎಲ್. ಸುಮಾರು 36,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಕಣ್ಣು, ಹಿಮ್ಮೆದುಳು, ಬೆನ್ನುಹುರಿ, ಅಡ್ರಿನಲ್, ಪ್ಯಾಂಕ್ರಿಯಾಸ್, ಮತ್ತೆ ನಮ್ಮ ಕಿಡ್ನಿ. ಹಿಮ್ಮೆದುಳಿನ ಗಂಟನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಯಾವುದು ಗಡ್ಡೆ ಅಂತಲೇ ಹೊಸಬರಿಗೆ ತಿಳಿಯುವುದಿಲ್ಲ. ಬರೀ ನಾಳ, ನಾಳ, ನಾಳ. ನಿಜವಾದ ಗಡ್ಡೆಯ ಜೀವಕೋಶಗಳು ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಕೂತಿರುತ್ತವೆ. ಮದುವೆ ಮನೆಯಲ್ಲಿ ನೆಂಟರ ನಡುವೆ ಮದುಮಗನನ್ನು ಹುಡುಕಿದ ಹಾಗೆ. ಕರೆದವರಿಗಿಂತ ಬಂದವರೇ ಜಾಸ್ತಿ!

1993ರಲ್ಲಿ ಈ ಕಾಯಿಲೆಯ ಹಿಂದಿರುವ ಜೀನು ಸಿಕ್ಕಿತು, ಅದಕ್ಕೂ ವಿಎಚ್‌ಎಲ್ ಅಂತಲೇ ಹೆಸರು. ಮೂರನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ ಕೂತಿರುವ ಕಾವಲು ಜೀನು. ಇನ್ನೂ ದೊಡ್ಡ ಸುದ್ದಿ ಮುಂದೆ ಇತ್ತು. ವಂಶದಲ್ಲಿ ಯಾರಿಗೂ ಇಲ್ಲದೆ, ಸುಮ್ನೆ ಐವತ್ತು ಅರವತ್ತರ ವಯಸ್ಸಿನಲ್ಲಿ ಬರುವ ಕ್ಲಿಯರ್ ಸೆಲ್ ಕಿಡ್ನಿ ಕ್ಯಾನ್ಸರಿನಲ್ಲೂ ಹೆಚ್ಚಿನ ಕಡೆ ಹಾಳಾಗಿರುವುದು ಇದೇ ಜೀನು. ಅಪರೂಪದ ಕಾಯಿಲೆ ಹುಡುಕಲು ಹೋದವರಿಗೆ ದಿನನಿತ್ಯದ ಕಾಯಿಲೆಯ ಕೀಲಿಕೈ ಸಿಕ್ಕಿತು.

ಸರಿ, ಆ ಜೀನು ಮಾಡುವ ಕೆಲಸ ಏನು? ಬಾಸ್ಟನ್‌ನ ವಿಲಿಯಂ ಕೇಲಿನ್ ಈ ಪ್ರಶ್ನೆ ಹಿಡಿದರು. ಈತ ಓದುವ ಕಾಲದಲ್ಲಿ ಲ್ಯಾಬ್ ಗುರುಗಳು, ಹುಡುಗ ಚುರುಕು, ಆದರೆ ಇವನ ಭವಿಷ್ಯ ಲ್ಯಾಬಿನ ಹೊರಗಿದೆ ಅಂತ ಷರಾ ಬರೆದಿದ್ದರಂತೆ. ಅವರೇ ಹೇಳಿಕೊಂಡು ನಗುತ್ತಾರೆ. ಇಲ್ಲಿರುವ ಮಕ್ಕಳು ಇದನ್ನು ಮನೆಯಲ್ಲಿ ಹೇಳಿ.

ಕೇಲಿನ್ ಗಮನಿಸಿದ್ದು ಎರಡು ಸಂಗತಿ. ಒಂದು, ಈ ಗಡ್ಡೆಗಳಲ್ಲಿ ನಾಳ ಅತಿಯಾಗಿರುತ್ತದೆ. ಎರಡು, ಕೆಲವು ರೋಗಿಗಳಲ್ಲಿ ಕೆಂಪು ರಕ್ತಕಣ ಕೂಡ ಜಾಸ್ತಿ ಇರುತ್ತದೆ. ಈಗ ನೀವೇ ಹೇಳಿ, ಆರೋಗ್ಯವಾದ ಮನುಷ್ಯನ ಮೈಯಲ್ಲಿ ಕೆಂಪು ರಕ್ತಕಣ ಯಾವಾಗ ಹೆಚ್ಚುತ್ತದೆ? ಲೇಹ್‌ಗೆ ಹೋಗಿ ಕೆಲವು ವಾರ ಇದ್ದರೆ ಹೆಚ್ಚುತ್ತದೆ. ಅಲ್ಲಿ ಗಾಳಿ ತೆಳು, ಆಕ್ಸಿಜನ್ ಸಾಲದು. ಕಿಡ್ನಿ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನ್ ಹೆಚ್ಚು ಬಿಟ್ಟು ರಕ್ತಕಣ ಮಾಡಿಸುತ್ತದೆ. ನಾಳ ಹೆಚ್ಚಿಸುವುದು, ರಕ್ತಕಣ ಹೆಚ್ಚಿಸುವುದು, ಎರಡೂ ಉಸಿರು ಸಾಲದ ಮೈ ಮಾಡುವ ಕೆಲಸ. ಹಾಗಾದರೆ ಈ ಗಡ್ಡೆಯ ಜೀವಕೋಶ, ಸುತ್ತ ಬೇಕಾದಷ್ಟು ಗಾಳಿ ಇದ್ದರೂ ತನಗೆ ಉಸಿರು ಸಾಲದು ಅಂದುಕೊಂಡಿದೆಯಾ?

ಹೌದು, ಹಾಗೇ ಅಂದುಕೊಂಡಿದೆ.

ಇಲ್ಲಿ ನಮ್ಮ ಮನೆಯ ಒಂದು ಪ್ರಸಂಗ ಹೇಳಬೇಕು. ನಮ್ಮಲ್ಲಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟರಿಗೆ ಒಂದು ಫ್ಲೋಟ್ ಹಾಕಿಸಿದ್ದೆವು. ಟ್ಯಾಂಕ್ ತುಂಬಿ ಫ್ಲೋಟ್ ಮೇಲೆದ್ದರೆ ಮೋಟರ್ ತಾನೇ ಆಫ್. ಒಂದು ಬೇಸಿಗೆಯಲ್ಲಿ ಆ ಫ್ಲೋಟ್ ತಳದಲ್ಲಿ ಸಿಕ್ಕಿಕೊಂಡಿತು. ಟ್ಯಾಂಕ್ ತುಂಬಿ ಹರಿಯುತ್ತಿದೆ, ಆದರೆ ಫ್ಲೋಟ್ ಹೇಳುವುದು ಖಾಲಿ ಅಂತಲೇ. ಮೋಟರ್ ಓಡುತ್ತಲೇ ಇದೆ. ನಾವು ಊರಲ್ಲಿ ಇರಲಿಲ್ಲ. ಪಕ್ಕದ ಮನೆಯವರು ತಾರಸಿಯಲ್ಲಿ ಒಣಗಲು ಹಾಕಿದ್ದ ಹಪ್ಪಳವೆಲ್ಲ ನೀರುಪಾಲು. ಆ ಅಮ್ಮ ನನ್ನ ಜೊತೆ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಮೋಟರಿನದ್ದೇನೂ ತಪ್ಪಿಲ್ಲ. ಅದು ಫ್ಲೋಟ್ ಹೇಳಿದ್ದನ್ನು ಕೇಳಿತು, ಅಷ್ಟೇ.

ಜೀವಕೋಶದ ಮೋಟರ್ ಹಿಫ್ ಎಂಬ ಒಂದು ಪ್ರೋಟೀನ್. ಬಾಲ್ಟಿಮೋರ್‌ನ ಗ್ರೆಗ್ ಸೆಮೆಂಜಾ ಅವರಿಗೆ 1990ರ ದಶಕದ ಮೊದಲಲ್ಲಿ, ಎರಿಥ್ರೊಪೊಯೆಟಿನ್ ಜೀನನ್ನು ಯಾರು ಆನ್ ಮಾಡುತ್ತಾರೆ ಅಂತ ಹುಡುಕುವಾಗ ಇದು ಸಿಕ್ಕಿತು. ಹಿಫ್ ಇದ್ದರೆ ವಿಇಜಿಎಫ್ ಜೀನೂ ಆನ್, ಎರಿಥ್ರೊಪೊಯೆಟಿನ್ ಜೀನೂ ಆನ್, ಸಕ್ಕರೆ ಒಳಗೆಳೆಯುವ ಜೀನೂ ಆನ್. ಇನ್ನೂ ಇಂಥವು ನೂರಾರು. ಇಂಥ ಮೋಟರನ್ನು ಜೀವಕೋಶ ಸದಾ ತಯಾರಿಸುತ್ತಲೇ ಇರುತ್ತದೆ ಮತ್ತು ಸದಾ ಒಡೆದುಹಾಕುತ್ತಲೇ ಇರುತ್ತದೆ. ಆಕ್ಸಿಜನ್ ಇದ್ದಾಗ ಹಿಫ್‌ನ ಆಯಸ್ಸು ಐದು ನಿಮಿಷವೂ ಇಲ್ಲ. ದುಂದು ಅನ್ನಿಸುತ್ತದೆ ಅಲ್ವಾ? ಆದರೆ ಉಸಿರು ಕಟ್ಟಿದಾಗ ಹೊಸದಾಗಿ ತಯಾರಿಸುತ್ತಾ ಕೂರಲು ಸಮಯ ಎಲ್ಲಿದೆ? ಒಡೆಯುವುದನ್ನು ನಿಲ್ಲಿಸಿದರೆ ಸಾಕು, ನಿಮಿಷಗಳಲ್ಲಿ ಹಿಫ್ ರಾಶಿ ಬೀಳುತ್ತದೆ.

ಒಡೆಯುವವರು ಯಾರು? ಇಲ್ಲಿ ವಿಎಚ್‌ಎಲ್ ಬರುತ್ತದೆ. ಆಕ್ಸ್‌ಫರ್ಡ್‌ನ ಪೀಟರ್ ರ‍್ಯಾಟ್‌ಕ್ಲಿಫ್, ಇವರು ಮೂಲತಃ ಕಿಡ್ನಿ ಡಾಕ್ಟರು, 1999ರಲ್ಲಿ ತೋರಿಸಿದರು: ವಿಎಚ್‌ಎಲ್ ಪ್ರೋಟೀನ್ ಹಿಫ್‌ನ್ನು ಹಿಡಿಯುತ್ತದೆ, ಕಸಕ್ಕೆ ಹಾಕಬೇಕು ಅಂತ ಗುರುತು ಹಚ್ಚುತ್ತದೆ, ಜೀವಕೋಶದ ಕಸದ ಗಿರಣಿ ಅದನ್ನು ಪುಡಿ ಮಾಡುತ್ತದೆ. ಆದರೆ ಆಕ್ಸಿಜನ್ ಇದ್ದಾಗ ಮಾತ್ರ ಯಾಕೆ ಹಿಡಿಯುತ್ತದೆ? 2001ರಲ್ಲಿ ಕೇಲಿನ್ ಗುಂಪಿಗೂ ರ‍್ಯಾಟ್‌ಕ್ಲಿಫ್ ಗುಂಪಿಗೂ ಒಟ್ಟೊಟ್ಟಿಗೆ ಉತ್ತರ ಸಿಕ್ಕಿತು. ಹಿಫ್‌ನ ಮೈಯ ಎರಡು ಜಾಗದಲ್ಲಿ ಪ್ರೋಲಿನ್ ಎಂಬ ಅಮಿನೋ ಆಮ್ಲ ಇದೆ. ಆಕ್ಸಿಜನ್ ಇದ್ದರೆ ಒಂದು ಕಿಣ್ವ ಅದೇ ಆಕ್ಸಿಜನ್ನಿನ ಒಂದು ಪರಮಾಣು ತೆಗೆದು ಆ ಪ್ರೋಲಿನ್‌ಗೆ ಅಂಟಿಸುತ್ತದೆ. ಆ ಅಂಟಿಸಿದ ಚುಕ್ಕಿಯನ್ನು ಮಾತ್ರ ವಿಎಚ್‌ಎಲ್ ಗುರುತು ಹಿಡಿಯಬಲ್ಲದು. ಆಕ್ಸಿಜನ್ ಇಲ್ಲ ಅಂದರೆ ಚುಕ್ಕಿ ಇಲ್ಲ, ಚುಕ್ಕಿ ಇಲ್ಲ ಅಂದರೆ ಹಿಡಿತ ಇಲ್ಲ, ಹಿಫ್ ಬದುಕಿತು, ಮೋಟರ್ ಆನ್. ನಾವು ಎಳೆದುಕೊಳ್ಳುವ ಉಸಿರು ಕೊನೆಗೆ ಒಂದು ಪ್ರೋಟೀನಿನ ಮೈಮೇಲೆ ಇಡುವ ಬೊಟ್ಟು! 2019ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಹೋಯಿತು.

ಈಗ ವಿಎಚ್‌ಎಲ್‌ನ ಎರಡೂ ಪ್ರತಿ ಹೋದ ಒಂದು ಕಿಡ್ನಿ ಜೀವಕೋಶ ನೆನೆಸಿಕೊಳ್ಳಿ. ಆಕ್ಸಿಜನ್ ಇದೆ. ಬೊಟ್ಟೂ ಬಿದ್ದಿದೆ. ಆದರೆ ಬೊಟ್ಟು ನೋಡಿ ಹಿಡಿಯುವವರಿಲ್ಲ. ಫ್ಲೋಟ್ ತಳದಲ್ಲಿ ಸಿಕ್ಕಿಕೊಂಡಿದೆ. ಹಿಫ್ ರಾಶಿಯಾಗಿದೆ, ವಿಇಜಿಎಫ್ ಸುರಿಯುತ್ತಿದೆ, ಟ್ಯಾಂಕ್ ಉಕ್ಕುತ್ತಿದೆ, ನಾಳಗಳು ಬರುತ್ತಲೇ ಇವೆ. ಕೋಳಿಗೂಡಿನ ತಂತಿಬಲೆ ಹೆಣೆದದ್ದು ಹೀಗೆ. ಗಡ್ಡೆ ದೊಡ್ಡದಾಗಿ ಉಸಿರು ಕಟ್ಟಿ ಕರೆದದ್ದಲ್ಲ. ಕಾವಲು ಜೀನು ಹೋದ ದಿನವೇ ಕರೆ ಶುರುವಾಗಿತ್ತು.

ಇಷ್ಟು ಗೊತ್ತಾದ ಮೇಲೆ ಔಷಧ ಸುಲಭ ಅನ್ನಿಸಬಹುದು. ಕರೆಯನ್ನು ತಡೆದರೆ ಆಯಿತಲ್ಲ? 1998ರ ಮೇ ತಿಂಗಳಲ್ಲಿ ಫೋಕ್‌ಮನ್ ಲ್ಯಾಬಿನಲ್ಲಿ ಸಿಕ್ಕ, ನಾಳ ತಡೆಯುವ ಎಂಡೋಸ್ಟ್ಯಾಟಿನ್ ಎಂಬ ಪ್ರೋಟೀನ್ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಮೊದಲ ಪುಟದಲ್ಲಿ ಬರೆದಾಗ ಕ್ಯಾನ್ಸರ್ ಮುಗಿದೇ ಹೋಯಿತು ಅಂತ ಜನ ನಂಬಿಬಿಟ್ಟರು. ಫೋಕ್‌ಮನ್ ಮಾತ್ರ, ನೀವು ಇಲಿಯಾಗಿದ್ದು ನಿಮಗೆ ಕ್ಯಾನ್ಸರ್ ಬಂದಿದ್ದರೆ ನಾವು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂಬ ಅರ್ಥದ ಮಾತಾಡಿ ಜನರನ್ನು ನೆಲಕ್ಕಿಳಿಸುತ್ತಿದ್ದರು. 2004ರಲ್ಲಿ ವಿಇಜಿಎಫ್‌ನ್ನು ಹಿಡಿದುಹಾಕುವ ಬೆವಸಿಜುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಹರಡಿದ ದೊಡ್ಡಕರುಳಿನ ಕ್ಯಾನ್ಸರಿಗೆ. ಕೀಮೋ ಜೊತೆ ಕೊಟ್ಟಾಗ ಸರಾಸರಿ ಬದುಕು 15.6 ತಿಂಗಳಿನಿಂದ 20.3 ತಿಂಗಳಿಗೆ ಏರಿತು. ಹೆಚ್ಚುಕಡಿಮೆ ಐದು ತಿಂಗಳು. ಮನೆಯವರಿಗೆ ಆ ಐದು ತಿಂಗಳು ಚಿಕ್ಕದಲ್ಲ. ಆದರೆ ಕಾಯಿಲೆ ಹೋಗಲಿಲ್ಲ.

ಯಾಕೆ ಹೋಗಲಿಲ್ಲ? ಒಂದು ಕಾರಣ ಮತ್ತೆ ಕಾವಲು ಜೀನಿನ ಹತ್ತಿರವೇ ಕರೆದೊಯ್ಯುತ್ತದೆ. ಆಕ್ಸಿಜನ್ ತೀರಾ ಕಡಿಮೆಯಾದರೆ ಪಿ53 ಇರುವ ಜೀವಕೋಶ ಸಾಯುತ್ತದೆ, ಪಿ53ಯೇ ಸಾಯಿಸುತ್ತದೆ. ಪಿ53 ಇಲ್ಲದ್ದು ಹೇಗೋ ಬದುಕಿಕೊಳ್ಳುತ್ತದೆ. 1996ರಲ್ಲೇ ಇದನ್ನು ತೋರಿಸಿದ್ದರು: ಉಸಿರು ಕಟ್ಟಿಸುತ್ತಾ ಹೋದರೆ ಒಳ್ಳೆಯ ಪಿ53 ಇರುವವು ಉದುರಿ, ಇಲ್ಲದವು ಉಳಿದು, ಗುಂಪೆಲ್ಲ ಅವುಗಳದ್ದೇ ಆಗುತ್ತದೆ. 2002ರಲ್ಲಿ ಕೆನಡಾದ ರಾಬರ್ಟ್ ಕೆರ್ಬೆಲ್ ಅವರ ಗುಂಪು ಇಲಿಗಳಲ್ಲಿ ಪರೀಕ್ಷಿಸಿದಾಗ, ಪಿ53 ಇಲ್ಲದ ಗಡ್ಡೆಗಳು ನಾಳ ತಡೆಯುವ ಔಷಧಕ್ಕೆ ಅಷ್ಟಾಗಿ ಬಗ್ಗಲಿಲ್ಲ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ಕೆಟ್ಟಿರುತ್ತದೆ ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ. ನೀರಿನ ಲೈನ್ ಕತ್ತರಿಸಿದರೆ ಲೇಔಟ್ ಖಾಲಿಯಾಗುತ್ತದೆ ಅಂದುಕೊಂಡೆವು. ಬರಗಾಲಕ್ಕೆ ಒಗ್ಗಿದವರು ಮಾತ್ರ ಅಲ್ಲೇ ಉಳಿದರು.

ಇನ್ನೊಂದು ತಿರುವು ಕೊಟ್ಟವರು ಹಾರ್ವರ್ಡ್‌ನಲ್ಲಿರುವ ರಾಕೇಶ್ ಜೈನ್. ಕಾನ್ಪುರದ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದವರು. ಎಂಜಿನಿಯರ್ ಕಣ್ಣಲ್ಲಿ ನೋಡಿದರೆ ಗಡ್ಡೆಯ ನಾಳಗಳು ಕೆಟ್ಟ ಪ್ಲಂಬಿಂಗ್. ಸೊಟ್ಟ, ಸೋರುವ, ಎಲ್ಲೋ ಹೋಗಿ ಎಲ್ಲೋ ಮುಚ್ಚಿಕೊಳ್ಳುವ ಪೈಪುಗಳು. ಕೀಮೋ ಔಷಧವೂ ಒಳಗೆ ಸರಿಯಾಗಿ ಮುಟ್ಟುವುದಿಲ್ಲ. ವಿಇಜಿಎಫ್‌ನ್ನು ಹದವಾಗಿ ತಡೆದರೆ ಉಳಿದ ನಾಳಗಳು ಸ್ವಲ್ಪ ಕಾಲ ನೆಟ್ಟಗಾಗುತ್ತವೆ, ಆ ಹೊತ್ತಿನಲ್ಲಿ ಕೀಮೋ ಚೆನ್ನಾಗಿ ಒಳಹೋಗುತ್ತದೆ ಅಂತ 2001ರಲ್ಲಿ ಅವರು ವಾದಿಸಿದರು. ಬೆವಸಿಜುಮ್ಯಾಬ್ ಕೀಮೋ ಜೊತೆ ಸೇರಿದಾಗ ಜಾಸ್ತಿ ಉಪಯೋಗಕ್ಕೆ ಬರುವುದಕ್ಕೆ ಇದು ಒಂದು ವಿವರಣೆ. ಕತ್ತರಿಸಲು ತಂದ ಕತ್ತರಿ ಹೊಲಿಗೆಗೂ ಬಂತು. ಅಂದಹಾಗೆ, ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಯಾರಾದರೂ ಕಣ್ಣೊಳಗೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದರೆ, ಅದು ಇದೇ ಬೆವಸಿಜುಮ್ಯಾಬ್ ಅಥವಾ ಇದರ ದಾಯಾದಿ ಆಗಿರುವುದೇ ಹೆಚ್ಚು. ಅಲ್ಲಿ ಗಡ್ಡೆ ಇಲ್ಲ, ಆದರೆ ಬೇಡದ ನಾಳವೂ ಇದೆ, ವಿಇಜಿಎಫ್ಪೂ ಇದೆ.

ಕ್ಲಿಯರ್ ಸೆಲ್ ಕಿಡ್ನಿ ಕ್ಯಾನ್ಸರಿನಲ್ಲಿ ಮಾತ್ರ ನಾಳದ ಔಷಧಗಳು ಬೇರೆ ಕಡೆಗಿಂತ ಚೆನ್ನಾಗಿ ಕೆಲಸ ಮಾಡಿದವು. ಅಲ್ಲಿ ಕಾಯಿಲೆಯ ಬುಡವೇ ಆ ಮೋಟರ್ ಅಲ್ವಾ? ಸೊರಾಫೆನಿಬ್, ಸುನಿಟಿನಿಬ್ ಎಂಬ ಮಾತ್ರೆಗಳು 2005-06ರಲ್ಲಿ ಬಂದವು. ಆದರೂ ಅವು ಉಕ್ಕಿದ ನೀರನ್ನು ಒರೆಸುವ ಕೆಲಸ. ಮೋಟರಿಗೇ ಕೈ ಹಾಕಿದ್ದು ಬೆಲ್ಜುಟಿಫಾನ್. ಹಿಫ್‌ನಲ್ಲಿ ಎರಡು ಮುಖ್ಯ ಬಗೆ ಇವೆ, ಕಿಡ್ನಿ ಕ್ಯಾನ್ಸರಿನಲ್ಲಿ ಕಿತಾಪತಿ ಮಾಡುವುದು ಹಿಫ್-2. ಇಂಥ ಪ್ರೋಟೀನಿಗೆ ಔಷಧ ಕೂರಲು ಜಾಗವೇ ಇರುವುದಿಲ್ಲ ಅಂತ ಎಲ್ಲರೂ ಕೈಚೆಲ್ಲಿದ್ದರು. ಡಲ್ಲಾಸ್‌ನ ವಿಜ್ಞಾನಿಗಳಿಗೆ ಅದರೊಳಗೆ ಒಂದು ಪುಟ್ಟ ಗೂಡು ಕಂಡಿತು. ಆ ಗೂಡಿನಲ್ಲಿ ಕೂರುವ ಔಷಧವೇ ಇದು. ವಿಎಚ್‌ಎಲ್ ಕಾಯಿಲೆಯಿಂದ ಕಿಡ್ನಿ ಕ್ಯಾನ್ಸರ್ ಬಂದ 61 ಜನರಿಗೆ ಕೊಟ್ಟಾಗ ಸುಮಾರು ಅರ್ಧದಷ್ಟು ಜನರಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿತು. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಇದರ ಮುಖ್ಯ ಅಡ್ಡಪರಿಣಾಮ ಏನಿರಬಹುದು, ಊಹಿಸಿ ನೋಡೋಣ ಅಂತ ನಾನು ಅವತ್ತು ಸಭೆಯನ್ನು ಕೇಳಿದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಥಟ್ಟನೆ ಹೇಳಿದಳು, "ರಕ್ತ ಕಮ್ಮಿ ಆಗತ್ತೆ ಸರ್, ಎರಿಥ್ರೊಪೊಯೆಟಿನ್ ಆಫ್ ಆಗತ್ತಲ್ಲ." ಸರಿಯಾದ ಉತ್ತರ. ಆ 61 ಜನರಲ್ಲಿ ಹೆಚ್ಚಿನವರಿಗೆ ರಕ್ತಹೀನತೆ ಆಯಿತು. ಕೇಲಿನ್‌ಗೆ ಸುಳಿವು ಕೊಟ್ಟ ಅದೇ ಕೆಂಪು ರಕ್ತಕಣ, ಈಗ ಉಲ್ಟಾ.

ಕೊನೆಗೆ ಒಬ್ಬ ಹಿರಿಯರು ಎದ್ದು ನಿಂತರು. "ಡಾಕ್ಟ್ರೇ, ನಮ್ಮ ಅಣ್ಣನಿಗೆ ಎಪ್ಪತ್ತನೇ ವಯಸ್ಸಿನಲ್ಲಿ ಕಿಡ್ನಿ ಕ್ಯಾನ್ಸರ್ ಬಂತು. ನೀವು ಹೇಳಿದ ಈ ಜೀನು ಅವರ ಮಕ್ಕಳಿಗೂ ಹೋಗಿರುತ್ತದಾ?"

ಬಹಳ ಮಟ್ಟಿಗೆ ಇಲ್ಲ ಅಂದೆ. ಆ ವಯಸ್ಸಿನಲ್ಲಿ, ಒಂದೇ ಕಿಡ್ನಿಯಲ್ಲಿ, ಒಂದೇ ಗಡ್ಡೆ ಇದ್ದರೆ ಎರಡೂ ಏಟು ಸಾಮಾನ್ಯವಾಗಿ ಆ ಒಂದು ಜೀವಕೋಶದಲ್ಲೇ ಬಿದ್ದಿರುತ್ತವೆ. ಅದು ಆ ಗಡ್ಡೆಯ ಜೊತೆಗೇ ಬಂದು ನನ್ನ ಡಬ್ಬಿಯಲ್ಲಿ ಕೂರುತ್ತದೆ. ಮಕ್ಕಳಿಗೆ ಹೋಗುವುದಿಲ್ಲ. ಮೂವತ್ತರ ಆಸುಪಾಸಿನಲ್ಲಿ ಬಂದರೆ, ಎರಡೂ ಕಿಡ್ನಿಯಲ್ಲಿ ಬಂದರೆ, ಮನೆಯಲ್ಲಿ ಇನ್ನೊಬ್ಬರಿಗೆ ಕಣ್ಣಿನ ಹಿಂಪರದೆಯಲ್ಲಿ, ಹಿಮ್ಮೆದುಳಿನಲ್ಲಿ ಗಂಟು ಆಗಿದ್ದರೆ, ಆಗ ಜೀನ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಲೇಬೇಕು.

ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅವರ ಸ್ಲೈಡಿನಲ್ಲೂ ಆ ಕೋಳಿಗೂಡಿನ ಬಲೆ ಇತ್ತು ಅನ್ನಿ" ಅಂದರು. ಕ್ಲಿಯರ್ ಸೆಲ್ ಆಗಿದ್ದರೆ ಇದ್ದೇ ಇರುತ್ತದೆ ಅಂದೆ. ರಿಪೋರ್ಟು ಮನೆಯಲ್ಲಿದೆ, ನೋಡುತ್ತೇನೆ ಅಂತ ಹೇಳಿ ಕೂತರು.